ಸುಭದ್ರಾಬಾಯಿಯ ತೊಗರಿ

ಆಳಂದದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ತೊಗರಿ ಸಂಶೋಧನೆಯವರಿಬ್ಬರು ನಿಂಬರ್ಗಾ ಬಸ್ಸಿಗೆ ಕಾಯುತ್ತಿದ್ದರು. ದೀಪಾಲಿಯ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು, ಹಿರಿಯರಾದ ಗುರುಶಾಂತರ ಕೈಯಲ್ಲಿ ಬೀಜದ ಚೀಲ.

“ಸುಭದ್ರಾಬಾಯಿ ಕೊಟ್ಟ, ನೆಟೆ ರೋಗಕ್ಕ ಒಣಗದ ಬೀಜ ಯಾವ ಪಾಕೀಟಿನ್ಯಾಗ ಅದವ್ವಾ ದೀಪಾಲಿ? ಅವರು ತೀರಿಕೊಂಡ್ರಲ್ಲ, ಇವತ್ತ ಗಣಾರಾಧನೆ. ಮನ್ಯಾಗಿನ ಬೀಜಕ್ಕ ಹುಳ ಹತ್ಯಾವ, ವಾಪಸ್ ತರ್ರಿ ಅಂತ ಸೊಸಿ ಫೋನ್ ಮಾಡ್ಯಾಳ.”

“ಗೊತ್ತಾಗವಲ್ದ್ರಿ ಸರ್. ಪ್ರತಿ ಪಾಕೀಟಿನ ನಂಬರಿನ ಜೀನ್ ದಾಖಲೆಗೂ ಟಿಪ್ಪಣಿ ಹಚ್ಚಿದ್ದೆ. ಅದರೊಳಗ ಊರು, ಊರಿನೊಳಗ ಹೊಲ, ಹೊಲದೊಳಗ ಬೀಜ ಕೊಟ್ಟವರ ಹೆಸರು.”

“ಮತ್ತ ತಗದು ನೋಡು.”

“ಸೇವ್ ಮಾಡುವಾಗ ಸಾಫ್ಟ್‌ವೇರ್ ಮ್ಯಾಲಿನ ಪದರ ಅಷ್ಟ ಇಟ್ಕೊಂಡದ. ಒಳಗ ಮೂರು ಮಾಹಿತಿ ಅದಾವ ಅಂತ ತೋರಸ್ತದ, ಏನ ಅದಾವ ಅಂತ ತೋರಸವಲ್ದು.”

“ಪಾಕೀಟಿನ ಚೀಟಿ?”

“ಕಂಪ್ಯೂಟರಿಗೆ ಏರಿಸೇನಲ್ಲ ಅಂತ ನಾನs ಹರದು ಒಗದೇನ್ರಿ.”

ಗುರುಶಾಂತರು ಚೀಲದ ಬಾಯಿ ಬಿಚ್ಚಿ ನೋಡಿ ಮತ್ತೆ ಕಟ್ಟಿದರು.

“ಹನ್ನೆರಡೂ ಪಾಕೀಟಿನ ಬೀಜ ಒಂದs ನಮೂನಿ ಕಾಣತಾವ.”

“ಸೊಸಿ ಗುರುತ ಹಿಡೀಬಹುದೇನ್ರಿ?”

“ಗುರುತ ಹಿಡಿಯಾಕಿ ಅತ್ತಿ ಒಬ್ಬಾಕಿನ ಇದ್ಳಂತ. ಅದಕ್ಕs ನಾವು ಹೆಸರು ಬರಕೊಂಡಿದ್ದು.”

ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ದೀಪಾಲಿ ಏಳಲಿಲ್ಲ.

“ಮನಿಯವರಿಗೆ ಏನ ಹೇಳೂದ್ರಿ ಸರ್?”

“ಹನ್ನೆರಡೂ ಬಿತ್ತ್ರಿ ಅಂತ ಹೇಳೂಣು. ನೆಟೆ ರೋಗ ಬಿದ್ದು ಉಳದದ್ದೆಲ್ಲ ಒಣಗಿದ ಮ್ಯಾಲ ಯಾವದು ಹಸರ ಇರ್ತದ, ಅದs ಸುಭದ್ರಾಬಾಯಿದು.”

“ಅವರದು ಇರೂದs ಒಂದು ಎಕರೆ ಹೊಲರಿ ಸರ್.”

ಗುರುಶಾಂತರು ಚೀಲವನ್ನು ಎದೆಗವಚಿಕೊಂಡು ಬಸ್ಸು ಹತ್ತಿದರು. ಲ್ಯಾಪ್‌ಟಾಪ್ ಮುಚ್ಚಿ ಅವಳೂ ಹಿಂದೆಯೇ ಹೋದಳು.