ತಗಡಿನ ಪರದೆ

ಇಲ್ಲ ಭಾವ, ಆ ಮಾತೊಂದು ನನ್ನ ಅಂಗಡಿಯಲ್ಲಿ ಎತ್ತಬೇಡಿ. ಪಕ್ಕದ ಝೆರಾಕ್ಸಿನವನ ಕಿವಿ ಗೋಡೆಗೇ ಅಂಟಿಕೊಂಡಿರುತ್ತೆ. ಕಂಪ್ಯೂಟರ್ ರಿಪೇರಿಗೆ ದೆವ್ವ ಹಿಡಿದ ಸಿಪಿಯು ಬಂದಿದೆ ಅಂತ ಸಂಜೆಯೊಳಗೆ ಬೀದಿಗೆಲ್ಲಾ ಸುದ್ದಿ... ಸ್ಕ್ರೂ ಡ್ರೈವರ್ ಬಿಟ್ಟು ಮಂತ್ರ ಕಲಿಯೋ ವಯಸ್ಸಾ ನಂದು?

ಇಡಿ, ಇಲ್ಲೇ ಮೇಜಿನ ಮೇಲೆ ಇಡಿ. ಎಳೆಮಗು ಥರ ಎದೆಗೆ ಅವಚಿಕೊಂಡು ಬಂದಿದ್ದೀರಲ್ಲ. ಕೂತ್ಕೊಳ್ಳಿ. ಆ ಸ್ಟೂಲ್ ಬೇಡ, ಅದರ ಕಾಲು ಮುರಿದಿದೆ... ಯಾಕೆ ಹಾಗೆ ನೋಡ್ತೀರಿ? ಈ ಸಲ ನಿಜವಾಗ್ಲೂ ಮುರಿದಿದೆ.

ನಿಮ್ಮ ಮಗಳು ಫೋನ್ ಮಾಡಿದ್ಲು. ಅಮ್ಮ ಹೋದಾಗಿನಿಂದ ಅಪ್ಪ ಟೈಲರ್ ಅಂಗಡಿ ಬಾಗಿಲು ತೆಗೆದಿಲ್ಲ, ಹೊಲಿಗೆ ಮೆಷಿನ್ ಮೇಲೆ ಬೆರಳಲ್ಲಿ ಹೆಸರು ಬರೀಬಹುದು ಅಷ್ಟು ಧೂಳು, ಗಿರಾಕಿಗಳು ಕೊಟ್ಟ ಬಟ್ಟೆ ವಾಪಸ್ ಕೇಳ್ತಿದ್ದಾರೆ ಅಂದ್ಲು. ಈಗ ಹೊಸದಾಗಿ ಆ ಗೇಮ್ ಹಾಕ್ಕೊಂಡು ಕೂತಿರ್ತೀರಂತೆ. ಆಡೋದೂ ಇಲ್ಲ. ಗೇಮಿನೊಳಗಿನ ಖಾಲಿ ಕೋಣೆಗೆ ಹೋಗಿ, ಕಿಟಕಿ ಪರದೆ ಮುಂದೆ ನಿಂತ್ಕೊಂಡು, ಅದು ತಾನಾಗೇ ಅಲ್ಲಾಡುತ್ತೆ, ಅಮ್ಮ ಬಂದಿದ್ದಾಳೆ ಅಂತೀರಂತೆ. "ಮಾಮ, ಅದು ಮೆಷಿನ್ನಿಂದ ಆಗೋದು ಅಂತ ನೀನು ಬಿಡಿಸಿ ಹೇಳಿದ್ರೆ ನಂಬ್ತಾರೆ, ಅಂಗಡಿ ತೆಗೀತಾರೆ" ಅಂದ್ಲು. ನಂಗೆ ನಗು ಬಂತು. ನಮ್ಮ ಇಡೀ ಬಳಗದಲ್ಲಿ ಸತ್ಯ ಹೇಳೋಕೆ ನಾನೇ ಸಿಕ್ಕಿದ್ನಾ ಇವಳಿಗೆ?

ಆದ್ರೂ ಹೇಳ್ತೀನಿ. ಇದರೊಳಗೆ ನಾನೇ ಕೂರಿಸಿದ ಕಾರ್ಡಲ್ವಾ, ನಾನೇ ಹೇಳಬೇಕು.

ನೆನಪಿದೆಯಾ, ಮೊದಲ ಸಲ ಆ ಗೇಮ್ ತೋರಿಸಿದ ದಿನ? ಬಂದೂಕು, ಬಾಂಬು, ಉರಿಯೋ ಊರು, ಅದ್ಯಾವುದೂ ನಿಮ್ಮ ಕಣ್ಣಿಗೆ ಬೀಳಲಿಲ್ಲ. ಕಿಟಕಿ ಹತ್ರ ಹೋಗಿ ನಿಂತುಬಿಟ್ರಿ. "ಇದ್ಯಾವ ಟೈಲರ್ ಹೊಲಿದಿದ್ದೋ? ಪರದೆನೋ ತಗಡೋ?" ಬೆಳಗಿಂದ ಸಂಜೆವರೆಗೆ ಪರದೆ ಹೊಲಿಯೋ ಮನುಷ್ಯ, ಇನ್ನೇನು ಕೇಳ್ತೀರಿ. ಬಾಂಬ್ ಸಿಡಿದು ಗೋಡೆ ಬಿದ್ರೂ ಪರದೆ ಒಂದು ಎಳೆ ಅಲ್ಲಾಡಲಿಲ್ಲ. ಹಿಂದೆ ಕೂತು ಅಂಚು ಹೆಮ್ಮಿಂಗ್ ಮಾಡ್ತಿದ್ದ ಅಕ್ಕ ಕನ್ನಡಕದ ಮೇಲಿಂದ ನೋಡಿ ಅಂದ್ಲು, "ತರಲೆ, ನಿಮ್ಮ ಭಾವನ ಮಾನ ಉಳಿಸೋ, ಆ ಬಟ್ಟೆ ಸರಿಯಾಗಿ ಬೀಳೋ ಹಾಗೆ ಮಾಡೋ."

ಅದಕ್ಕೇ ನಿಮ್ಮ ಸಿಪಿಯುಗೆ ಎರಡನೇ ಗ್ರಾಫಿಕ್ಸ್ ಕಾರ್ಡು ಹಾಕಿದ್ದು. ಮೊದಲನೆಯದು ಚಿತ್ರ ಬರೆಯೋದು. ಗೋಡೆ, ಬೆಳಕು, ಬಣ್ಣ, ಎಲ್ಲಾ ಅದರ ಕೆಲಸ. ಎರಡನೆಯದು ಹಳೇ ಮೆಷಿನ್ನಿಂದ ಕಿತ್ತಿದ್ದು, ಅದು ಒಂದು ಗೆರೆಯನ್ನೂ ಬರೆಯಲ್ಲ. ಅದಕ್ಕೆ ಮಾನಿಟರ್ ವೈರೇ ಇಲ್ಲ. ಕತ್ತಲಲ್ಲಿ ಕೂತು ಲೆಕ್ಕ ಹಾಕೋದಷ್ಟೇ. ಗಾಳಿ ಬೀಸಿದ್ರೆ ಬಟ್ಟೆ ಎಲ್ಲಿ ಮಡಚಿಕೊಳ್ಳುತ್ತೆ, ಗಾಜು ಒಡೆದ್ರೆ ಚೂರು ಯಾವ ಕಡೆ ಹಾರುತ್ತೆ, ಹೊಗೆ ನಡುವೆ ಯಾರಾದ್ರೂ ನಡೆದ್ರೆ ಹೇಗೆ ಸೀಳುತ್ತೆ... ಇಷ್ಟೇ.

ನಿಮ್ಮನೆ ಕಥೆನೇ ಅಲ್ವಾ ಇದು? ಹೊಲಿಯೋದು ನೀವು. ಆದ್ರೆ ಬಟ್ಟೆನ ಹೆಗಲ ಮೇಲೆ ಹಾಕ್ಕೊಂಡು, ಒಂದು ಸಲ ಕೊಡವಿ, ಕೆಳಗೆ ಬಿಟ್ಟು ನೋಡಿ, "ಇನ್ನೆರಡು ನೆರಿಗೆ ಬೇಕು, ಇಲ್ದಿದ್ರೆ ಬೀಳಲ್ಲ" ಅಂತಿದ್ದೋಳು ಅಕ್ಕ. ಗಿರಾಕಿಗಳು ಹೊಗಳ್ತಿದ್ದಿದ್ದು ನಿಮ್ಮನ್ನ.

ಸರಿ... ಕಣ್ಣು ಒರೆಸ್ಕೊಳ್ಳಿ. ನಾನೇನೋ ಹೇಳೋಕೆ ಹೋಗಿ ಏನೋ ಹೇಳಿದೆ.

ವಿಷಯ ಏನಂದ್ರೆ, ಪರದೆ ಅಲ್ಲಾಡ್ತಿದೆ ಅಂದ್ರೆ ಎರಡನೇ ಕಾರ್ಡು ಕೆಲಸ ಮಾಡ್ತಿದೆ ಅಂತ. ಹಳೇ ಕಾರ್ಡು, ಬಿಸಿ ಆಗುತ್ತೆ, ಬಿಸಿಯಾದ್ರೆ ಲೆಕ್ಕ ತಪ್ಪುತ್ತೆ. ಲೆಕ್ಕ ತಪ್ಪಿದ್ರೆ ಯಾರೂ ಇಲ್ದೆ ಇದ್ರೂ ಗಾಳಿ ಬೀಸುತ್ತೆ. ಮುಗೀತು. ಅಂಗಡಿ ತೆಗೀರಿ, ಮೆಷಿನ್ ಒರೆಸಿ, ಆ ಗಿರಾಕಿಗಳ ಬಟ್ಟೆ ಹೊಲಿದು ಕೊಡಿ.

ಏನು? ಮುಚ್ಚಳ ತೆಗೀಬೇಕಾ? ಯಾಕೆ? ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ? ಸರಿ ಬಿಡಿ, ತೆಗೀತೀನಿ. ನೀವೊಂದು ಕೆಲಸ ಮಾಡಿ, ಮೂಲೆ ಅಂಗಡಿಗೆ ಹೋಗಿ ಎರಡು ಟೀ ಹೇಳಿ ಬನ್ನಿ. ಫೋನ್ ಮಾಡಿದ್ರೆ ಅವನು ಎತ್ತಲ್ಲ. ಹೋಗಿ ಬರೋಷ್ಟರಲ್ಲಿ ತೆಗೆದು, ಒರೆಸಿ, ಕಾರ್ಡು ತೋರಿಸ್ತೀನಿ.

ಟೀ ಬೇಡ್ವಾ? ಟೀ ಬೇಡ ಅಂದಿದ್ದು ಇದೇ ಮೊದಲು.

ಹಾಗಾದ್ರೆ ಹೊರಗಡೆ ನಿಂತಿರಿ. ಬ್ಲೋವರ್ ಹಿಡಿದ್ರೆ ಧೂಳು ಏಳುತ್ತೆ, ನಿಮ್ಮ ಕೆಮ್ಮಿಗೆ ಆಗಲ್ಲ. ಎರಡೇ ನಿಮಿಷ.

ಅದಕ್ಕೂ ಹೋಗಲ್ವಾ?

ಆ ಡ್ರಾಯರಲ್ಲಿ ಏನಿಲ್ಲ ಭಾವ. ಹಳೇ ವೈರು, ಕೆಟ್ಟ ಮೌಸು, ಹಾಳೂ ಮೂಳೂ. ನಾನು ಅದರ ಮೇಲೆ ಕೈ ಇಟ್ಕೊಂಡಿದ್ದೀನಾ? ಅಭ್ಯಾಸ. ಕೈ ಎಲ್ಲೋ ಒಂದು ಕಡೆ ಇರಬೇಕಲ್ಲ.

ನೀವು ಎಂಥಾ ಮನುಷ್ಯ ಅಂದ್ರೆ... ಕಂಪ್ಯೂಟರಿನ ವೈರಸ್ ಹೊಲಿಗೆ ಮೆಷಿನ್ನಿಗೂ ಅಂಟುತ್ತೆ ಅಂದಿದ್ದೆ ಒಂದು ಸಲ. ಮೆಷಿನ್ನನ್ನ ಹೊತ್ಕೊಂಡು ಹೋಗಿ ವರಾಂಡದಲ್ಲಿ ಇಟ್ಕೊಂಡು ಹೊಲಿದ್ರಲ್ಲ, ಪಾಪ. ಅಡುಗೆಮನೆಯಲ್ಲಿ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ನಗ್ತಿದ್ಲು. ಯಾರೋ ದೊಡ್ಡ ಛತ್ರದ ಯಜಮಾನನ ಥರ ದನಿ ಬದಲಾಯಿಸಿ ಫೋನ್ ಮಾಡಿ, ಕಂಬಕ್ಕೊಂದು ಪರದೆ ಬೇಕು ಅಂದೆ. ಕಂಬದ ಅಳತೆ ಕೇಳಿ ಬರ್ಕೊಂಡ್ರಿ. ಒಂದು ಸಲವಾದ್ರೂ ಅನುಮಾನ ಪಟ್ರಾ? ಒಂದು ಸಲವಾದ್ರೂ ತಿರುಗಿ ತಮಾಷೆ ಮಾಡಿದ್ರಾ? ಅಂಥವರು ಈವತ್ತು ನನ್ನ ಡ್ರಾಯರ್ ನೋಡ್ತೀರಿ.

ಚೀಲದಿಂದ ಏನು ತೆಗೀತಿದ್ದೀರಿ? ಬೇಡ ಭಾವ, ತಿನ್ನೋದಾದ್ರೆ ನಂಗೆ ಬೇಡ, ಈಗಷ್ಟೇ ಊಟ...

...

ಈ ರಟ್ಟಿನ ಕಾರ್ಡು ಎಲ್ಲಿ ಸಿಕ್ತು?

ಗೊತ್ತು, ಒಳಗೇ ಸಿಕ್ಕಿರುತ್ತೆ. ನೀವಾಗೇ ಮುಚ್ಚಳ ತೆಗೆದಿದ್ದೀರಿ. ಕಾರ್ಡ್ ಇರಬೇಕಾದ ಸ್ಲಾಟಲ್ಲಿ ಈ ರಟ್ಟು. ಅಂಚು ಎಷ್ಟು ನೇರ ನೋಡಿ. ನಿಮ್ಮ ದೊಡ್ಡ ಕತ್ತರಿಯಲ್ಲೇ ಕತ್ತರಿಸಿದ್ದು. ರಟ್ಟಿಗೆ ಹಾಕಿದ್ರೆ ಕತ್ತರಿ ಮೊಂಡಾಗುತ್ತೆ ಅಂತ ನೀವು ಬೈತೀರಲ್ಲ, ಅದಕ್ಕೇ ಅಕ್ಕ ಅದನ್ನೇ ತಗೊಂಡ್ಲು. ಗುಂಡಿ ಡಬ್ಬಿ ಮುಚ್ಚಳ ಇಟ್ಟು ಸುತ್ತ ಗೆರೆ ಎಳೆದ್ಲು. ಸ್ಕ್ರೂ ಜಾಗದಲ್ಲಿ ಶರ್ಟಿನ ಕಪ್ಪು ಗುಂಡಿ ಅಂಟಿಸಿದ್ಲು. ಫ್ಯಾನಿನ ರೆಕ್ಕೆ ನೇಲ್ ಪಾಲಿಶಲ್ಲಿ. ಫ್ಯಾನ್ ಥರ ಕಾಣ್ತಾ ಇದೆಯಾ ಇದು? ದಾಸವಾಳ. "ಅಕ್ಕಾ, ಹೂವು ಬರೀತಿದ್ದೀಯ" ಅಂದೆ. "ಸುಮ್ನಿರೋ, ನಿಮ್ಮ ಭಾವಂಗೆ ಏನು ಗೊತ್ತಾಗುತ್ತೆ" ಅಂದ್ಲು.

ಆಸ್ಪತ್ರೆಗೆ ಸೇರಿಸೋ ಹಿಂದಿನ ದಿನ ಮಧ್ಯಾಹ್ನ. ನೀವು ದಾರ ತರೋಕೆ ಹೋಗಿದ್ರಿ. ನಿಜವಾದ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಲು, ಇದನ್ನ ಅಲ್ಲಿ ಸಿಕ್ಕಿಸಿದ್ವಿ. ಲೆಕ್ಕ ಹಾಕಿದ್ದು ಹೀಗೆ... ನೀವು ಗೇಮ್ ಹಾಕ್ತೀರಿ, ಪರದೆ ಮತ್ತೆ ತಗಡಾಗಿರುತ್ತೆ, ಗೊಣಗ್ತಾ ಮುಚ್ಚಳ ತೆಗೀತೀರಿ, ದಾಸವಾಳ ನೋಡ್ತೀರಿ. "ನಾನು ಎರಡು ದಿನದಲ್ಲಿ ಮನೆಗೆ ಬಂದಿರ್ತೀನಿ, ಮೊದಲು ನಾನು ನಗಬೇಕು, ನಾನು ನಗೋವರೆಗೆ ನೀನು ಬಾಯಿ ಬಿಟ್ಟೀಯ ಜೋಕೆ" ಅಂದ್ಲು.

ಬಿಡಲಿಲ್ಲ. ಅವಳು ನಗಲಿಲ್ಲವಲ್ಲ.

ಆಮೇಲೆ ಯಾವ ಬಾಯಲ್ಲಿ ಹೇಳಲಿ? ತಿಥಿಗೆ ಬಂದವರ ಮಧ್ಯೆ ಕೂತು, ಭಾವ, ಒಂದು ತಮಾಷೆ ಬಾಕಿ ಇದೆ ಅಂತ ಹೇಳಲಾ? ಕಾರ್ಡು ಇದೇ ಡ್ರಾಯರಲ್ಲಿದೆ. ನೀವು ಟೀಗೆ ಹೋಗಿದ್ರೆ ಸದ್ದಿಲ್ದೆ ಬದಲಾಯಿಸಿಬಿಡ್ತಿದ್ದೆ.

ಆದ್ರೆ ನಂಗೊಂದು ಹೇಳಿ. ನಿಮ್ಮ ಮಗಳು ಫೋನಲ್ಲಿ "ಪರದೆ ಅಲ್ಲಾಡುತ್ತಂತೆ ಮಾಮ" ಅಂದಾಗ, ಕಾರ್ಡು ಇಲ್ಲೇ ಇದೆಯಾ ಅಂತ ಡ್ರಾಯರ್ ತೆಗೆದು ನೋಡಿದೆ. ಆ ಸ್ಲಾಟಲ್ಲಿ ಏನಿದೆ ಅಂತ ಭೂಮಿ ಮೇಲೆ ಗೊತ್ತಿದ್ದೋನು ನಾನೊಬ್ಬನೇ. ಈ ಗೇಮಲ್ಲಿ ಎರಡನೇ ಕಾರ್ಡಿಲ್ಲದೆ ಪರದೆ ಅಲ್ಲಾಡಲ್ಲ. ಬಿಸಿ, ಲೆಕ್ಕ ತಪ್ಪೋದು, ಅದೆಲ್ಲಾ ಬರೀ ಬೂಸಿ. ರಟ್ಟು ಲೆಕ್ಕ ಹಾಕುತ್ತಾ ಭಾವ? ಅಲ್ಲಾಡಿಸಿದ್ದು ಯಾರು?

ಹೇಳಿ.

ಯಾವ ಕಡೆಗೆ ಅಲ್ಲಾಡ್ತು? ಕೆಳಗಡೆ ಅಂಚು ಮಾತ್ರನಾ, ಇಲ್ಲಾ ಅಕ್ಕ ಕೊಡವಿ ಬಿಡ್ತಿದ್ಲಲ್ಲ, ಹಾಗೆ ಮೇಲಿಂದಾನಾ?

ಯಾಕೆ ತಲೆ ತಗ್ಗಿಸಿದ್ರಿ? ಮುಖ ನೋಡಿ ಹೇಳಿ ಭಾವ... ಗುಂಡಿ ಮೇಲೆ ಬೆರಳಾಡಿಸ್ತಾ ಕೂತ್ರೆ ನಾನೇನು ತಿಳ್ಕೊಳ್ಳಲಿ?

ಅಲ್ಲಾಡಲೇ ಇಲ್ವಾ?

ಓಹೋ. ರಟ್ಟು ಸಿಕ್ತು. ಕೆಂಪು ರೆಕ್ಕೆ ನೋಡಿ ಯಾರ ಕೈ ಅಂತ ಗೊತ್ತಾಯ್ತು. ಜೊತೆಗೆ ಯಾರು ಸೇರಿದ್ರು ಅಂತಾನೂ ಗೊತ್ತಾಯ್ತು. ನೇರವಾಗಿ ಕೇಳಿದ್ರೆ ಈ ತರಲೆ ಇನ್ನೊಂದು ಬುರುಡೆ ಬಿಡ್ತಾನೆ ಅಂತ, ಮಗಳ ಹತ್ರ ಒಂದು ಕಥೆ ಕಟ್ಟಿದ್ರಿ. ಅವಳ ಬಾಯಿಂದ ನನ್ನ ಕಿವಿಗೆ. ನೀವು. ಇಡೀ ಜನ್ಮದಲ್ಲಿ ಮಾಡಿದ ಮೊದಲ ತಮಾಷೆ. ನಾನು ಬಿದ್ದೆ ಭಾವ, ಪೂರ್ತಿ ಬಿದ್ದೆ. ಅಕ್ಕ ಇದ್ದಿದ್ರೆ...

ಎಷ್ಟು ಬಿದ್ದೆ ಅಂತ ಗೊತ್ತಾ ನಿಮಗೆ? ಫೋನ್ ಬಂದಾಗಿನಿಂದ ಮಧ್ಯಾಹ್ನ ಶಟರ್ ಅರ್ಧ ಎಳೆದು, ಆ ಮೂಲೆಯಲ್ಲಿರೋ ಮೆಷಿನ್ನಲ್ಲಿ ಅದೇ ಗೇಮ್ ಹಾಕಿ, ಅದೇ ಕೋಣೆಗೆ ಹೋಗಿ ನಿಂತ್ಕೋತೀನಿ. ಎರಡನೇ ಕಾರ್ಡು ಹಾಕಿಲ್ಲ, ಬೇಕಂತಲೇ. ಮೌಸ್ ಮುಟ್ಟದೆ ಕೂರ್ತೀನಿ. ತಗಡು. ಬರೀ ತಗಡು. ಇರಲಿ, ಮದುವೆಯಾಗಿ ಹೋದೋಳು, ಗಂಡನ ಮನೆ ಬಿಟ್ಟು ತಮ್ಮನ ಅಂಗಡಿಗೆ ಯಾಕೆ ಬರ್ತಾಳೆ, ಅಲ್ಲಾದ್ರೂ ಬರ್ತಿದ್ದಾಳಲ್ಲ ಅಂತ ಸಮಾಧಾನ ಮಾಡ್ಕೋತಿದ್ದೆ.

ಕೇಳಿ ಭಾವ. ಅಂಗಡಿ ತೆಗೀರಿ, ಬಿಡಿ, ನಿಮ್ಮಿಷ್ಟ. ಆದ್ರೆ ಒಂದೇ ಒಂದು ಸಲ ಅಲ್ಲಾಡ್ತು ಅನ್ನಿ. ಅಂಚು ಮಾತ್ರ, ಚೂರೇ ಚೂರು. ಸುಳ್ಳಾದ್ರೂ ಸರಿ, ನಂಬ್ತೀನಿ.

ಇಷ್ಟು ವರ್ಷ ನಾನು ಹೇಳಿದ್ದನ್ನೆಲ್ಲಾ ನೀವು ನಂಬಲಿಲ್ವಾ?