ಪೆಟ್ಟಿಗೆಯೊಳಗಿನ ಬಾಯಾರಿಕೆ

ಸಂಜೆಯ ಮಳೆಗೆ ಸರ್ಕಸ್ಸಿನ ಆಟ ನಿಂತುಹೋಗಿ, ಎಲ್ಲರೂ ಉಡುಪು ಹೊಲಿಯುವ ಡೇರೆಯಲ್ಲಿ ಒತ್ತೊತ್ತಾಗಿ ಕೂತಿದ್ದರು. ಹಾವಾಡಿಸುವವನು ಮಾತ್ರ ಕೂತಲ್ಲಿ ಕೂರಲಾರ. 'ಹಾಲು ಕುಡಿಯುವ ಹಾವು' ಎಂದು ನಾಳೆಯ ಆಟಕ್ಕೆ ಊರೆಲ್ಲ ಸಾರಿಯಾಗಿತ್ತು. ಅದು ಕುಡಿಯದಿದ್ದರೆ ಮಾಲೀಕ ಅವನನ್ನು ಮನೆಗೆ ಕಳಿಸುವುದು ಖಂಡಿತ. ಅದಕ್ಕೇ ಹಾವಿನ ಪೆಟ್ಟಿಗೆಯೊಳಗಿನ ನೀರಿನ ಬಟ್ಟಲನ್ನು ಎಂದೋ ತೆಗೆದಿಟ್ಟಿದ್ದ.

ದರ್ಜಿ ದೊಡ್ಡಮ್ಮ, ಅವನ ತಾಯಿಯ ಅಕ್ಕ, ಸೂಜಿಗೆ ದಾರ ಪೋಣಿಸುತ್ತಾ ಶುರುಮಾಡಿದಳು.

"ಹತ್ತಿರ ಬನ್ರೋ... ಹಾವು ಏನು ತಿನ್ನುತ್ತೆ ಹೇಳಿ ನೋಡೋಣ? ಇಲಿ, ಕಪ್ಪೆ, ಮೊಟ್ಟೆ... ಇಡಿಯಾಗಿ ನುಂಗಿ ಎಷ್ಟೋ ದಿನ ಸುಮ್ನೆ ಬಿದ್ದಿರುತ್ತೆ. ಗಾಳಿ ಕುಡಿದು ಬದುಕುತ್ತೆ ಅಂತಾರಲ್ಲ, ಶುದ್ಧ ಸುಳ್ಳು! ನಮ್ಮ ಹಾಗೇ ಅದಕ್ಕೂ ನೀರು ಬೇಕು. ಹಾಲು ಅದರ ಹೊಟ್ಟೆಗೆ ಆಗಿಬರಲ್ಲ. ಮತ್ತೆ ಆಟದಲ್ಲಿ ಕುಡಿಯುತ್ತಲ್ಲ ಅಂತೀರಾ? ನೀರಿಲ್ಲದೆ ಒಣಗಿಸಿಟ್ರೆ ಒದ್ದೆಯಾಗಿರೋದು ಏನು ಸಿಕ್ಕಿದ್ರೂ ಕುಡಿಯುತ್ತೆ, ಪಾಪ..."

ಹಾವಾಡಿಸುವವನು ಹೂಜಿಯಿಂದ ಮತ್ತೆ ಒಂದು ಲೋಟ ನೀರು ಬಗ್ಗಿಸಿಕೊಂಡ.

"ನನ್ನ ತಂಗಿ ಗಂಡ, ಇವನ ಅಪ್ಪ, ಹಾಗೇ ಮಾಡ್ತಿದ್ದ. ತಂಗಿ ಕದ್ದುಮುಚ್ಚಿ ನೀರಿಡ್ತಿದ್ಲು. ಒಂದು ಬೇಸಿಗೆ, ಇವನು ಹುಟ್ಟೋ ಹೊತ್ತಿಗೆ ಅವಳು ಆಸ್ಪತ್ರೆ ಸೇರಿದ್ಲು, ಇಲ್ಲಿ ಆ ಜೀವಕ್ಕೆ ಹನಿ ನೀರು ಕೊಡೋರಿಲ್ಲ. ಆಟದಲ್ಲಿ ಬಟ್ಟಲು ಹಾಲನ್ನೂ ಹೀರ್ತು, ಜನ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು... ಬೆಳಗ್ಗೆ ಸತ್ತುಬಿದ್ದಿತ್ತು. ಅವತ್ತಿಂದ ಇವನ ಅಪ್ಪನಿಗೆ ದಾಹ. ಬಿಂದಿಗೆಗಟ್ಟಲೆ ಕುಡಿದ್ರೂ ನಾಲಿಗೆ ಮರದ ಚಕ್ಕೆ ಥರ. ಡಾಕ್ಟ್ರು ಏನೂ ಇಲ್ಲ ಅಂದ್ರು. ಕುಡಿದ ನೀರು ಎಲ್ಲಿಗೆ ಹೋಗ್ತಿತ್ತು? ಮೂಲೇಲಿದ್ದ ಹಾವಿನ ಆ ಖಾಲಿ ಪೆಟ್ಟಿಗೆ ಎತ್ತಿ ನೋಡಿದೆ... ತಳ ಒದ್ದೆ! ತುಂಬಿದ ಬಿಂದಿಗೆ ಪಕ್ಕದಲ್ಲೇ ಬಾಯಾರಿ ಸತ್ತ ಕಣ್ರೋ."

"ಅಪ್ಪ ಜ್ವರದಲ್ಲಿ ಹೋದ ಅಂದಿದ್ದೆ ನೀನು," ಎಂದ ಅವನು. ಲೋಟದಲ್ಲಿದ್ದುದನ್ನು ಒಂದೇ ಗುಟುಕಿಗೆ ಮುಗಿಸಿದ.

"ಹಾಲೂಡಿಸ್ತಿದ್ದ ನಿಮ್ಮಮ್ಮನ ಮುಂದೆ ಇನ್ನೇನು ಹೇಳಲಿ? ಆಮೇಲೆ ಅದೇ ಉಳೀತು."

ಅವನು ಮತ್ತೊಂದು ಲೋಟಕ್ಕೆ ಹೂಜಿ ಬಗ್ಗಿಸಿದ. ಹನಿಯೂ ಬೀಳಲಿಲ್ಲ. ಮಳೆ ಶುರುವಾದಾಗ ತುಂಬಿಸಿಟ್ಟ ಹೂಜಿ. ಅವನನ್ನು ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟಿರಲಿಲ್ಲ. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ನಾಳೆಯ ಆಟ ಹಾಳಾಗಿ ಹೋಗಲಿ, ಈಗಲೇ ನೀರಿಡುತ್ತೇನೆ ಎಂದುಕೊಂಡು ಬೆಂಚಿನ ಮೇಲಿದ್ದ ಪೆಟ್ಟಿಗೆಯನ್ನು ಎತ್ತಿದ. ಅಪ್ಪನ ಕಾಲದ ಪೆಟ್ಟಿಗೆ ಅದು. ತಳ ಹಿಡಿದ ಅಂಗೈ ಒದ್ದೆಯಾಯಿತು.

"ಡೇರೆ ಸೋರ್ತಿದೆಯಾ, ದೊಡ್ಡಮ್ಮ?"

"ಎಲ್ಲೂ ಸೋರ್ತಿಲ್ಲ." ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ. "ಮುಚ್ಚಳ ತೆಗೀಬೇಡ ಮಗಾ... ಒಳಗಿರೋದು ಬದುಕಿರೋವರೆಗೂ ತಳ ಒಣಗೇ ಇರುತ್ತೆ."