ಸಮುದ್ರದಿಂದ ಬಾರದ ಗಡಿಗೆಗಳು

ಈ ಸಭೆಯ ಅಧ್ಯಕ್ಷರೂ ನಮ್ಮೂರಿನ ಮುಖ್ಯಸ್ಥರೂ ಆದ ಲಝರ್ ಅವರೇ, ತೂನಿಸ್ ನಗರದಿಂದ ಬಂದಿರುವ ಪ್ರಾಧ್ಯಾಪಕಿ ಸೊಂದೋಸ್ ಅವರೇ, ಇಂದು ಸನ್ಮಾನ ಸ್ವೀಕರಿಸಲಿರುವ ನನ್ನ ತಂದೆ ಖ್ಮೈಸ್ ಅವರೇ, ದೋಣಿ ಕಟ್ಟಿಟ್ಟು ಬಂದಿರುವ ಸಭಿಕರೇ,

ನಾನು ಐದನೆಯ ತರಗತಿಯವರೆಗೆ ಓದಿದವಳು. ಈ ವಸ್ತುಸಂಗ್ರಹಾಲಯದಲ್ಲಿ ಕಸ ಗುಡಿಸುತ್ತೇನೆ, ಗಡಿಗೆಗಳ ದೂಳು ಒರೆಸುತ್ತೇನೆ. ಸನ್ಮಾನಿತರ ಮಗಳು ಎರಡು ಮಾತಾಡಲಿ ಎಂದು ಕಚೇರಿಯವರು ಒಂದು ಹಾಳೆ ಬರೆದುಕೊಟ್ಟಿದ್ದಾರೆ. ಅದು ನನ್ನ ಕೈಯಲ್ಲಿದೆ. ಓದುತ್ತೇನೆ.

"ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಫಿನೀಷಿಯನ್ನರು ಕಟ್ಟಿದ ಈ ಪಟ್ಟಣದಲ್ಲಿ ಪ್ರತಿ ಮನೆಗೂ ಸ್ನಾನದ ತೊಟ್ಟಿಯಿತ್ತು." ನಿಜ, ಈಗಲೂ ಇವೆ. ನಮ್ಮ ಕೇರಿಗೆ ನಲ್ಲಿ ನೀರು ಬರುವುದು ಮಂಗಳವಾರ ಮಾತ್ರ ಎಂಬುದನ್ನು ಹಾಳೆಯಲ್ಲಿ ಬರೆದಿಲ್ಲ. ನಗಬೇಡಿ, ಅಧ್ಯಕ್ಷರು ಇಲ್ಲೇ ಇದ್ದಾರೆ.

"ಆ ಜನರ ಹಡಗೊಂದು ನಮ್ಮ ತೀರದಲ್ಲಿ ಮುಳುಗಿತು. ಅದರ ಹನ್ನೊಂದು ಗಡಿಗೆಗಳು ಪ್ರಾಮಾಣಿಕ ಬೆಸ್ತ ಖ್ಮೈಸರ ಬಲೆಗೆ ಸಿಕ್ಕವು."

ಇಲ್ಲಿಗೆ ಹಾಳೆಯನ್ನು ಮಡಚುತ್ತೇನೆ. ಕ್ಷಮಿಸಿ. ಅರ್ಧ ಗಂಟೆಯ ಹಿಂದಿನವರೆಗೂ ಪೂರ್ತಿ ಓದಿ ಕೂರುವವಳೇ ಇದ್ದೆ. ಆದರೆ ಅಧ್ಯಕ್ಷರು ಆಗಲೇ ಒಂದು ಸಂತೋಷದ ಸುದ್ದಿ ಹೇಳಿದರು. ಪ್ರವಾಸಿಗರ ಬಸ್ಸು ನಿಲ್ಲಿಸಲು ಹಳೇ ಪಟ್ಟಣದ ಗೋಡೆಯ ಹಿಂದಿನ ಮರಳುದಿಬ್ಬವನ್ನು ನಾಳೆ ಬೆಳಿಗ್ಗೆ ಏಳಕ್ಕೆ ಯಂತ್ರ ತಂದು ಸಮ ಮಾಡುತ್ತಾರಂತೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನನ್ನ ತಂದೆ ತಟ್ಟಲಿಲ್ಲ. ನಾನು ನೋಡಿದೆ.

ಏಕೆ ತಟ್ಟಲಿಲ್ಲ? ಹೇಳುತ್ತೇನೆ. ಅಮ್ಮಾ, ಕಣ್ಸನ್ನೆ ಮಾಡಬೇಡಿ. ಹೇಳಿಯೇ ಇಳಿಯುತ್ತೇನೆ.

ಏಳು ವರ್ಷದ ಹಿಂದಿನ ಚಳಿಗಾಲದಲ್ಲಿ ಬಿರುಗಾಳಿ ನಮ್ಮ ಆಕ್ಟೋಪಸ್ ಗಡಿಗೆಗಳನ್ನೆಲ್ಲ ಹಗ್ಗದ ಸಮೇತ ಒಯ್ದಿತು. ಪರವೂರಿನ ಅತಿಥಿಗಳೇ, ನಾವು ಆಕ್ಟೋಪಸ್ಸಿಗೆ ಗಾಳ ಹಾಕುವುದಿಲ್ಲ. ಮಣ್ಣಿನ ಗಡಿಗೆಗಳನ್ನು ಹಗ್ಗಕ್ಕೆ ಕಟ್ಟಿ ತಳಕ್ಕೆ ಬಿಡುತ್ತೇವೆ. ಅದು ತನಗೊಂದು ಮನೆ ಸಿಕ್ಕಿತೆಂದು ತಾನಾಗಿ ಒಳಗೆ ಹೋಗಿ ಕೂರುತ್ತದೆ. ಆಗ ಎಳೆಯುತ್ತೇವೆ.

ಆ ವಾರ ಅಪ್ಪ ಮತ್ತು ನಾನು ಮೀನು ಒಣಗಿಸುವ ಕಂಬ ನೆಡಲು ಆ ದಿಬ್ಬದಲ್ಲಿ ಗುಂಡಿ ತೋಡಿದೆವು. ಮರಳಿನ ಕೆಳಗೆ ಗಡಿಗೆಗಳ ಸಾಲು ಸಿಕ್ಕಿತು. ಒಂದೊಂದರ ಮೇಲೂ ಒಂದೊಂದು ಕಲ್ಲು. ಗಾತ್ರ ನಮ್ಮ ಆಕ್ಟೋಪಸ್ ಗಡಿಗೆಯದೇ! ಅಪ್ಪ, "ನೋಡೇ, ದೇವರು ಅಂಗಡಿ ತೆರ್ದವ್ನೆ" ಅಂದರು. ಒಳಗೆ ಬೂದಿ, ಸಣ್ಣ ಸಣ್ಣ ಮೂಳೆ. ನಾನು ಮನೆಗೆ ತಂದು ಅಮ್ಮನಿಗೆ ತೋರಿಸಿದೆ. "ಕುರಿಮರಿ ಮೂಳೆ ಕಣೇ, ಸುರಿ ಅತ್ಲಾಗೆ. ಹೊಟ್ಟೆಗೆ ದಾರಿ ನೋಡು" ಅಂದರು. ಕಳ್ಳಿಬೇಲಿಯ ಬುಡದಲ್ಲಿ ಸುರಿದೆ. ಸುರಿದದ್ದು ಈ ಕೈ. ತೊಳೆದದ್ದೂ ಈ ಕೈ.

ಆ ಗಡಿಗೆಗಳಿಗೆ ಒಂದು ಆಕ್ಟೋಪಸ್ಸೂ ಹೊಗಲಿಲ್ಲ ಎಂದರೆ ನಿಮಗೆ ಸಮಾಧಾನವಾಗುತ್ತಿತ್ತು. ಹಾಗಾಗಲಿಲ್ಲ. ಭರ್ತಿ ಹೊಕ್ಕವು. ಆ ಚಳಿಗಾಲ ನಾವು ಚೆನ್ನಾಗಿ ಉಂಡೆವು.

ಆಮೇಲೆ ಕಚೇರಿಯವರೊಬ್ಬರು ದೋಣಿಯಲ್ಲಿ ಆ ಗಡಿಗೆಗಳನ್ನು ಕಂಡು ಬೆರಗಾದರು. ಹಳೇ ಪಟ್ಟಣದ ಸುತ್ತ ಅಪ್ಪಣೆಯಿಲ್ಲದೆ ಅಗೆದರೆ ಜೈಲು. ಅಪ್ಪ, "ಬಲೇಗೆ ಬಂದ್ವು ಸಾಹೇಬ್ರೇ" ಅಂದರು. ಮನೆಗೆ ಬಂದು ನನಗೆ ಹೇಳಿದರು: "ಸಮುದ್ರದ್ದು ಅಂದ್ಬಿಡು. ಸಮುದ್ರಕ್ಕೆ ಬೇಲಿ ಇಲ್ಲ." ಅಂದೆ. ಏಳು ವರ್ಷ ಅಂದೆ. ಆ ಒಂದು ಮಾತಿನಿಂದ ಒಂದು ಹಡಗು ಹುಟ್ಟಿತು, ಅದಕ್ಕೆ ಗೋಡೆಯ ಮೇಲೆ ಚಿತ್ರವೂ ಆಯಿತು.

ಹೋದ ತಿಂಗಳು ಪ್ರಾಧ್ಯಾಪಕಿಯವರು ನಮಗೆಲ್ಲ ಅದೇ ಫಿನೀಷಿಯನ್ನರ ಇನ್ನೊಂದು ಪಟ್ಟಣದ ಫೋಟೋ ತೋರಿಸಿದರು. ನೆಲದೊಳಗೆ ಗಡಿಗೆಗಳ ಸಾಲು, ಮೇಲೆ ಕಲ್ಲು. "ಯಾರ ಮೂಳೆ ಮೇಡಂ?" ಎಂದೆ. "ಎಳೇ ಮಕ್ಕಳದು ಕಣಮ್ಮ, ಕೆಲವು ಗಡಿಗೇಲಿ ಕುರಿಮರೀದು. ತಾವಾಗಿ ಸತ್ತವೋ, ಹರಕೆಗೆ ಕೊಟ್ಟವೋ, ನಾವಿನ್ನೂ ಜಗಳ ಆಡ್ತಾನೇ ಇದೀವಿ" ಅಂದರು. ಅಂದಿನಿಂದ ಆ ಗಡಿಗೆಗಳನ್ನು ಒರೆಸಲು ನನ್ನಿಂದಾಗಿಲ್ಲ. ಹಲ್ಲೊಂದನ್ನು ಕಂಡ ನೆನಪಿದೆ, ಬಾರ್ಲಿ ಕಾಳಿನಷ್ಟು. ಕುರಿಯದೇ ಇರಬಹುದು. ನನಗೆ ಗೊತ್ತಿಲ್ಲ. ಗೊತ್ತಾಗುವಂತೆ ನಾನು ಏನನ್ನೂ ಉಳಿಸಲಿಲ್ಲ.

ಸಭಿಕರೇ, ನಾವು ತೆಗೆದದ್ದು ಹನ್ನೊಂದು. ಸಾಲು ಇನ್ನೂ ದಿಬ್ಬದೊಳಗೆ ಹೋಗಿತ್ತು. ಅಪ್ಪ ಮುಚ್ಚಿದರು. ಎಲ್ಲಿ ಮುಚ್ಚಿದರೆಂದು ನನಗೆ ಸರಿಯಾಗಿ ನೆನಪಿಲ್ಲ, ಅವರಿಗೆ ಇದೆ. ನಾಳೆ ಏಳು ಗಂಟೆಯ ನಂತರ ಆ ನೆನಪಿನಿಂದ ಯಾರಿಗೇನು ಪ್ರಯೋಜನ? ಅಧ್ಯಕ್ಷರೇ, ಯಂತ್ರ ನಿಲ್ಲಿಸಿ. ಸನ್ಮಾನದ ನಿಲುವಂಗಿಯನ್ನು ಮಡಚಿಡಿ. ಶಿಕ್ಷೆಯಿದ್ದರೆ ನನಗೂ ಪಾಲು ಕೊಡಿ.

ಅಪ್ಪ ಎದ್ದರು. ದಾರಿ ಬಿಡಿ, ದಯವಿಟ್ಟು. ಬಯ್ಯಲು ಬಂದರೆ ಬೈಸಿಕೊಳ್ಳುತ್ತೇನೆ.

ಹಿಂದಿನ ಸಾಲಿನವರಿಗೆ ಕೇಳಿಸಿರಲಾರದು. ಅಪ್ಪ ಅಂದದ್ದನ್ನು ನಾನೇ ಹೇಳುತ್ತೇನೆ: "ಹನ್ನೊಂದಲ್ಲ ಮಗಾ, ಹದಿನಾಲ್ಕು. ನೀ ಮನೇಗೆ ಹೋದಾಗ ಮೂರು ನನ್ ಗುದ್ದಲಿಗೇ ಒಡೆದ್ವು. ಅವನ್ನ ನಾನು ಸುರೀಲಿಲ್ಲ, ಹಂಗೇ ಹೂತಿದೀನಿ, ಒಳಗಿದ್ದದ್ದರ ಸಮೇತ."

ಅವರು ಬಾಗಿಲಿನ ಕಡೆ ನಡೆದರು, ಪ್ರಾಧ್ಯಾಪಕಿಯವರು ಹಿಂದೆಯೇ ಹೊರಟರು. ಇನ್ನೂ ಎರಡು ಗಂಟೆ ಬಿಸಿಲಿದೆ. ಬರುವವರು ಬನ್ನಿ, ಆದರೆ ದಿಬ್ಬದ ಮೇಲೆ ಮೆಲ್ಲಗೆ ಕಾಲಿಡಿ. ಇಷ್ಟು ಹೊತ್ತು ನನ್ನನ್ನು ಕೆಳಗಿಳಿಸದೆ ಕೇಳಿದ್ದಕ್ಕೆ ಎಲ್ಲರಿಗೂ ವಂದನೆ. ನಮಸ್ಕಾರ.